ಹಳೆಯ ಪಿಕಪ್‌ಗೆ ನೀವೇ ಏರ್ ಸಸ್ಪೆನ್ಷನ್ ಕೂರಿಸುವುದು: ಅಳತೆಯಿಂದ ಮೊದಲ ಲೋಡ್‌ವರೆಗೆ

ಹಳೆಯ ಪಿಕಪ್ ಓಡಿಸುವವರಿಗೆ ಈ ನೋಟ ಚೆನ್ನಾಗಿ ಗೊತ್ತು. ಸ್ವಲ್ಪ ಜಾಸ್ತಿ ಭಾರ ಹಾಕಿದ ಕೂಡಲೇ ಗಾಡಿಯ ಹಿಂಭಾಗ ಕುಸಿದು ಕೂರುತ್ತದೆ, ಮೂತಿ ಮೇಲೇಳುತ್ತದೆ. ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಸ್ಟೀರಿಂಗ್ ಹಗುರಾಗುತ್ತದೆ. ಹೊಂಡ ಬಂದರೆ ಆಕ್ಸಲ್ (ಎರಡು ಚಕ್ರಗಳ ನಡುವಿನ ಅಚ್ಚು) ಹೋಗಿ ಚಾಸಿಸ್‌ಗೆ, ಅಂದರೆ ಗಾಡಿಯ ಉಕ್ಕಿನ ಚೌಕಟ್ಟಿಗೆ, ಬಡಿಯುತ್ತದೆ. ಇದಕ್ಕೆ ಎಲ್ಲರೂ ಮಾಡುವ ಉಪಾಯ ಒಂದೇ: ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಲೀಫ್ ಸ್ಪ್ರಿಂಗ್‌ಗೆ ಇನ್ನೊಂದು ಪಟ್ಟಿ ಸೇರಿಸುವುದು. ಭಾರ ಇದ್ದಾಗ ಅದು ಸರಿಯೇ. ಆದರೆ ಖಾಲಿ ಓಡಿಸುವಾಗ ಬೆನ್ನುಮೂಳೆಗೆ ಪೆಟ್ಟು ಬೀಳುತ್ತದೆ, ಅಲ್ವಾ?

ಏರ್ ಸಸ್ಪೆನ್ಷನ್‌ನಲ್ಲಿ ಸ್ಪ್ರಿಂಗಿನ ಕೆಲಸ ಮಾಡುವುದು ಗಾಳಿ ತುಂಬುವ ರಬ್ಬರ್ ಚೀಲ, ಅದೇ ಏರ್ ಬ್ಯಾಗ್. ಅದರ ಗುಣ ಇರುವುದೇ ಇಲ್ಲಿ. ಭಾರ ಹಾಕಿದಾಗ ಗಾಳಿ ತುಂಬುತ್ತೀರಿ, ಇಳಿಸಿದ ಮೇಲೆ ಬಿಡುತ್ತೀರಿ. ಸ್ಪ್ರಿಂಗಿನ ಬಲ ನಿಮ್ಮ ಕೈಯಲ್ಲೇ ಇರುತ್ತದೆ. ವೆಲ್ಡಿಂಗ್, ಡ್ರಿಲ್ಲಿಂಗ್ ಅಭ್ಯಾಸ ಇದ್ದು, ತಾಳ್ಮೆಯೂ ಇದ್ದರೆ ಇದನ್ನು ಮನೆಯ ಶೆಡ್‌ನಲ್ಲೇ ಮಾಡಬಹುದು.

ಲೀಫ್ ಸ್ಪ್ರಿಂಗ್ ತೆಗೆಯಬೇಡಿ

ಮೊದಲು ಒಂದು ವಿಷಯ ಮನಸ್ಸಿಗೆ ಬರಲಿ. ಲೀಫ್ ಸ್ಪ್ರಿಂಗ್ ಎರಡು ಕೆಲಸ ಮಾಡುತ್ತದೆ. ಭಾರ ಹೊರುವುದು ಒಂದು. ಆಕ್ಸಲ್ ಹಿಂದೆ ಮುಂದೆ ಜರುಗದಂತೆ, ಪಕ್ಕಕ್ಕೆ ಸರಿಯದಂತೆ, ಬ್ರೇಕ್ ಹಾಕಿದಾಗ ತಿರುಚದಂತೆ ಹಿಡಿದಿಡುವುದು ಇನ್ನೊಂದು. ಏರ್ ಬ್ಯಾಗ್ ಮೊದಲನೆಯದನ್ನು ಮಾತ್ರ ಮಾಡುತ್ತದೆ. ಅದು ರಬ್ಬರಿನ ಚೀಲ, ಆಕ್ಸಲನ್ನು ಜಾಗದಲ್ಲಿ ಹಿಡಿಯುವ ಶಕ್ತಿ ಅದಕ್ಕಿಲ್ಲ.

ಲೀಫ್ ಪೂರ್ತಿ ತೆಗೆದು ಬರೀ ಗಾಳಿಯ ಮೇಲೆ ಗಾಡಿ ನಿಲ್ಲಿಸಬೇಕೆಂದರೆ, ಆಕ್ಸಲ್ ಹಿಡಿಯಲು ನಾಲ್ಕು ಲಿಂಕ್ ರಾಡ್‌ಗಳು ಬೇಕು. ಅದು ಪಕ್ಕಕ್ಕೆ ಸರಿಯದಂತೆ ಅಡ್ಡಕ್ಕೆ ಪ್ಯಾನ್‌ಹಾರ್ಡ್ ರಾಡ್ ಬೇಕು. ಆ ಲಿಂಕ್‌ಗಳ ಕೋನ ತಪ್ಪಿದರೆ ಗಾಡಿ ತಿರುವಿನಲ್ಲಿ ತಾನಾಗೇ ತಿರುಗತೊಡಗುತ್ತದೆ. ಒಂದು ವೆಲ್ಡ್ ಬಿಟ್ಟರೆ ಆಕ್ಸಲ್ ಕೆಳಗಿನಿಂದಲೇ ಜಾರುತ್ತದೆ. ಮೊದಲ ಸಲ ಮಾಡುವವರಿಗೆ ಅದು ಬೇಡ ಎಂದು ನಾನು ಖಡಾಖಂಡಿತವಾಗಿ ಹೇಳುತ್ತೇನೆ. ಇಲ್ಲಿ ವಿವರಿಸುವುದು ಲೀಫ್ ಹಾಗೇ ಇಟ್ಟು, ಆಕ್ಸಲ್‌ಗೂ ಚಾಸಿಸ್‌ಗೂ ನಡುವೆ ಎರಡೂ ಬದಿಗೆ ಒಂದೊಂದು ಬ್ಯಾಗ್ ಕೂರಿಸುವ ವಿಧಾನ. ಮುಂದಿನ ಚಕ್ರಗಳ ಕಡೆ ಕೈ ಹಾಕುವ ಅಗತ್ಯವೇ ಇಲ್ಲ.

ಇನ್ನೊಂದು ಮಾತು. ಬ್ಯಾಗ್ ಹಾಕಿದ ಮಾತ್ರಕ್ಕೆ ಗಾಡಿ ಹೊರಬಹುದಾದ ತೂಕ ಜಾಸ್ತಿಯಾಗುವುದಿಲ್ಲ. ಬೇರಿಂಗ್ ಅದೇ, ಬ್ರೇಕ್ ಅದೇ, ಟಯರ್ ಅದೇ, ಚಾಸಿಸ್ ಅದೇ. ಕಂಪನಿ ಹೇಳಿದ ತೂಕದ ಮಿತಿಯೊಳಗೆ ಗಾಡಿಯನ್ನು ಸಮವಾಗಿ ನಿಲ್ಲಿಸುವುದಷ್ಟೇ ಬ್ಯಾಗ್‌ನ ಕೆಲಸ. ಗಾಡಿಯಲ್ಲಿ ಇಂಥ ಬದಲಾವಣೆಗೆ ಸಾರಿಗೆ ನಿಯಮ ಮತ್ತು ವಿಮೆಯಲ್ಲಿ ಏನಿದೆ ಎಂದು ಕೆಲಸಕ್ಕೆ ಮುಂಚೆಯೇ ಕೇಳಿಕೊಳ್ಳಿ.

ಮೊದಲು ಚಾಸಿಸ್ ನೋಡಿ

ಹಳೆಯ ಗಾಡಿ ಅಂದಮೇಲೆ ತುಕ್ಕು ಇದ್ದೇ ಇರುತ್ತದೆ. ಹಿಂದಿನ ಚಕ್ರದ ಮೇಲ್ಭಾಗದಲ್ಲಿ ಚಾಸಿಸ್ ರೈಲ್ (ಚಾಸಿಸ್‌ನ ಉದ್ದದ ತೊಲೆ) ಅನ್ನು ತಂತಿ ಬ್ರಷ್‌ನಿಂದ ಚೆನ್ನಾಗಿ ಉಜ್ಜಿ. ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಹೋಗಿ. ಗಟ್ಟಿ ಕಬ್ಬಿಣ ಟಣ್ ಎನ್ನುತ್ತದೆ, ತಿಂದುಹೋದದ್ದು ಮಂಕಾಗಿ ಸದ್ದು ಮಾಡುತ್ತದೆ, ಪದರ ಉದುರುತ್ತದೆ.

ಇಷ್ಟು ಎಚ್ಚರಿಕೆ ಯಾಕೆಂದರೆ, ಲೀಫ್ ಸ್ಪ್ರಿಂಗ್ ಭಾರವನ್ನು ಚಾಸಿಸ್‌ಗೆ ಎರಡು ಕಡೆ ಹಂಚಿ ಕೊಡುತ್ತದೆ: ಲೀಫ್‌ನ ಮುಂದಿನ ತುದಿ ಹಿಡಿಯುವ ಹ್ಯಾಂಗರ್‌ನಲ್ಲಿ ಅರ್ಧ, ಹಿಂದಿನ ತುದಿ ಹಿಡಿಯುವ ಶ್ಯಾಕಲ್‌ನಲ್ಲಿ ಅರ್ಧ. ಬ್ಯಾಗ್ ಹಾಗಲ್ಲ. ಎರಡರ ನಡುವೆ ಒಂದೇ ಬಿಂದುವಿನಲ್ಲಿ ಒತ್ತುತ್ತದೆ. ಕಂಪನಿ ಆ ಜಾಗವನ್ನು ಅಂಥ ಒತ್ತಡಕ್ಕೆಂದು ಮಾಡಿರುವುದಿಲ್ಲ. ಆಕ್ಸಲ್‌ಗಿಂತ ಹಿಂದಕ್ಕೆ ಭಾರ ಚಾಚಿಕೊಂಡಿದ್ದರಂತೂ ಚಾಸಿಸ್ ಬಗ್ಗುವುದು ಅಲ್ಲೇ. ತುಕ್ಕು ಹಿಡಿದು ತೆಳುವಾದ ರೈಲ್ ಇದ್ದರೆ ಮೊದಲು ಅದನ್ನು ರಿಪೇರಿ ಮಾಡಿಸಿ. ಬ್ಯಾಗ್ ಆಮೇಲೆ.

ಲೀಫ್‌ನ ಪಟ್ಟಿಗಳು, ಸೆಂಟರ್ ಬೋಲ್ಟ್, ಬುಷ್, ಯು-ಬೋಲ್ಟ್ ಕೂಡ ಇದೇ ಹೊತ್ತಿನಲ್ಲಿ ನೋಡಿಬಿಡಿ. ತುಂಡಾದ ಪಟ್ಟಿಯ ಜಾಗ ತುಂಬಲು ಬ್ಯಾಗ್ ಹಾಕಬಾರದು.

ಅಳತೆ

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಬೇಕಾಗುವುದು ಇದಕ್ಕೆ. ವೆಲ್ಡಿಂಗ್ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ. ಅಳತೆಗೆ ಒಂದು ಇಡೀ ದಿನ ಇಟ್ಟುಕೊಳ್ಳಿ.

ಸಮತಟ್ಟಾದ ನೆಲದಲ್ಲಿ ಗಾಡಿಯನ್ನು ಖಾಲಿ ನಿಲ್ಲಿಸಿ. ಆಕ್ಸಲ್ ಟ್ಯೂಬ್‌ನ ಮೇಲಿನಿಂದ ಚಾಸಿಸ್ ರೈಲ್‌ನ ಕೆಳಗಿನವರೆಗೆ ಎರಡೂ ಬದಿ ಅಳೆದು ಬರೆದಿಡಿ. ಇದು ಖಾಲಿ ಎತ್ತರ. ನಂತರ ನೀವು ದಿನವೂ ಸಾಗಿಸುವಷ್ಟು ಭಾರ ಹಾಕಿ ಮತ್ತೆ ಅಳೆಯಿರಿ. ಮೂರನೆಯದು, ಚಾಸಿಸ್‌ಗೆ ಸ್ಟ್ಯಾಂಡ್ ಕೊಟ್ಟು ಚಕ್ರಗಳು ತೂಗಾಡುವಂತೆ ಬಿಟ್ಟಾಗಿನ ಎತ್ತರ. ನಾಲ್ಕನೆಯದು, ಬಂಪ್ ಸ್ಟಾಪ್ (ಆಕ್ಸಲ್ ಮೇಲೇರುವುದನ್ನು ತಡೆಯುವ ರಬ್ಬರ್ ತುಂಡು) ಆಕ್ಸಲ್‌ಗೆ ತಾಗಿದಾಗಿನ ಎತ್ತರ. ಈ ನಾಲ್ಕು ಸಂಖ್ಯೆಗಳ ಮೇಲೆ ಉಳಿದೆಲ್ಲ ನಿಂತಿದೆ.

ಬ್ಯಾಗ್‌ನ ಜೊತೆ ಬರುವ ಹಾಳೆಯಲ್ಲಿ ಎರಡು ಅಳತೆ ಇರುತ್ತವೆ: ಪೂರ್ತಿ ಒತ್ತಿದಾಗಿನ ಎತ್ತರ, ಪೂರ್ತಿ ಹಿಗ್ಗಿದಾಗಿನ ಎತ್ತರ. ಉದಾಹರಣೆಗೆ 75 ಮಿಲಿಮೀಟರ್‌ನಿಂದ 225 ಮಿಲಿಮೀಟರ್‌ವರೆಗೆ ಆಡುವ ಬ್ಯಾಗ್ ಇದೆ ಎಂದುಕೊಳ್ಳಿ. ಗಾಡಿ ಸಾಮಾನ್ಯ ಎತ್ತರದಲ್ಲಿ ನಿಂತಾಗ ಬ್ಯಾಗ್ 140ರಿಂದ 150 ಮಿಲಿಮೀಟರ್ ಇರುವಂತೆ ಬ್ರಾಕೆಟ್ (ಬ್ಯಾಗ್ ಕೂರುವ ಉಕ್ಕಿನ ಆಸರೆ) ಮಾಡಬೇಕು. ಆಗ ಮೇಲೂ ಕೆಳಗೂ ಆಡಲು ಜಾಗ ಸಿಗುತ್ತದೆ.

ಅಗಲವನ್ನು ಮರೆಯಬೇಡಿ. ಗಾಳಿ ತುಂಬಿ ಒತ್ತಿದಾಗ ಬ್ಯಾಗ್ ಹೊಟ್ಟೆ ಬಿಡುತ್ತದೆ. ಆ ದೊಡ್ಡ ಅಗಲಕ್ಕಿಂತ ಸುತ್ತಲೂ 25 ಮಿಲಿಮೀಟರ್ ಜಾಸ್ತಿ ಇರುವಂತೆ ರಟ್ಟಿನಲ್ಲಿ ಒಂದು ವೃತ್ತ ಕತ್ತರಿಸಿ, ಬ್ಯಾಗ್ ಕೂರುವ ಜಾಗದಲ್ಲಿ ಹಿಡಿದು ನೋಡಿ. ಟಯರ್, ಬ್ರೇಕ್ ಪೈಪ್, ಶಾಕ್ ಅಬ್ಸಾರ್ಬರ್, ಕ್ಲಿಪ್‌ನ ಚೂಪು ತುದಿ, ಯಾವುದೂ ಆ ರಟ್ಟಿಗೆ ತಾಗಬಾರದು. ನನ್ನ ಮೊದಲ ಬ್ಯಾಗ್ ಹಾಳಾದದ್ದು ಬ್ರೇಕ್ ಪೈಪ್ ಹಿಡಿದಿದ್ದ ಸಣ್ಣ ಕ್ಲಿಪ್‌ನಿಂದ. ನಿಂತ ಗಾಡಿಯಲ್ಲಿ ಅದಕ್ಕೂ ಬ್ಯಾಗ್‌ಗೂ ಒಂದು ಬೆರಳಿನ ಅಂತರ ಇತ್ತು. ಓಡುವಾಗ ಇರಲಿಲ್ಲ. ಸೈಲೆನ್ಸರ್ ಪೈಪ್‌ನಿಂದ 150 ಮಿಲಿಮೀಟರ್ ದೂರ ಇರಲಿ. ಅಷ್ಟು ಜಾಗ ಇಲ್ಲದಿದ್ದರೆ ನಡುವೆ ತಗಡಿನ ಮರೆ ಕಟ್ಟಿ.

ಯಾವ ಬ್ಯಾಗ್, ಎಷ್ಟು ದೊಡ್ಡದು

ಲೆಕ್ಕ ಸರಳ. ಬ್ಯಾಗ್ ಹೊರುವ ಭಾರ ಅಂದರೆ ಗಾಳಿಯ ಒತ್ತಡವನ್ನು ಬ್ಯಾಗ್‌ನ ಕೆಲಸಕ್ಕೆ ಬರುವ ವಿಸ್ತೀರ್ಣದಿಂದ ಗುಣಿಸಿದ್ದು. ವಿಸ್ತೀರ್ಣ 150 ಚದರ ಸೆಂಟಿಮೀಟರ್ ಇದ್ದು, ಒತ್ತಡ 50 ಪಿಎಸ್‌ಐ, ಅಂದರೆ ಚದರ ಸೆಂಟಿಮೀಟರಿಗೆ 3.5 ಕೆ.ಜಿ. ಇದ್ದರೆ, ಒಂದು ಬ್ಯಾಗ್ 525 ಕೆ.ಜಿ. ಎತ್ತುತ್ತದೆ. ಹಿಂದೆ 400 ಕೆ.ಜಿ. ಹೆಚ್ಚುವರಿ ಭಾರ ಬಂದರೆ ಒಂದು ಬದಿಗೆ 200. ಅದಕ್ಕೆ 19 ಪಿಎಸ್‌ಐ ಸಾಕು. ಗಾಡಿ ಸ್ವಲ್ಪ ಕೂರಲಿ ಎಂದು ಬಿಟ್ಟರೆ ಲೀಫ್ ಕೂಡ ಒಂದಷ್ಟು ಪಾಲು ಹೊರುತ್ತದೆ, ಆಗ ಇನ್ನೂ ಕಡಿಮೆ ಸಾಕು. ಈ ವಿಸ್ತೀರ್ಣ ಸ್ಥಿರವಲ್ಲ ಎಂಬುದೂ ನೆನಪಿರಲಿ. ಬ್ಯಾಗ್ ಒತ್ತಿಕೊಂಡಾಗ ಅದು ಹಿಗ್ಗುತ್ತದೆ, ಎತ್ತರವಾದಾಗ ಕುಗ್ಗುತ್ತದೆ. ಬ್ಯಾಗನ್ನು ಅದರ ಮಿತಿಯವರೆಗೆ ಎತ್ತಿ ನಿಲ್ಲಿಸಿದರೆ ಅದು ಭಾರ ಹೊರುವುದರಲ್ಲಿ ಸೋಲುತ್ತದೆ.

ಗುಜರಿಯಲ್ಲಿ ಸಿಗುವ ಬಸ್, ಟ್ರೇಲರ್ ಬ್ಯಾಗ್‌ಗಳನ್ನು ನೋಡಿ ಆಸೆ ಪಡುವವರು ಬಹಳ. ದೊಡ್ಡದು ಅಂದರೆ ಗಟ್ಟಿ ಎಂಬ ನಂಬಿಕೆ. ಆದರೆ 500 ಚದರ ಸೆಂಟಿಮೀಟರಿನ ಬ್ಯಾಗ್‌ಗೆ 200 ಕೆ.ಜಿ. ಎತ್ತಲು 6 ಪಿಎಸ್‌ಐ ಕೂಡ ಬೇಕಿಲ್ಲ. ಅಷ್ಟು ಕಡಿಮೆ ಗಾಳಿಯಲ್ಲಿ ಅಷ್ಟು ದೊಡ್ಡ ಬ್ಯಾಗ್‌ನ ರಬ್ಬರ್ ತನ್ನ ಆಕಾರ ಹಿಡಿಯುವುದಿಲ್ಲ. ಅಡ್ಡಾದಿಡ್ಡಿ ಮಡಚಿಕೊಂಡು ಸೀಳುತ್ತದೆ. ಹಳೆಯದೇ ಬೇಕೆಂದರೆ ಲಾರಿ ಕ್ಯಾಬಿನ್‌ನ ಕೆಳಗಿರುವ ಸಣ್ಣ ಬ್ಯಾಗ್ ನೋಡಿ. ಅದು ಈ ಕೆಲಸಕ್ಕೆ ಹೆಚ್ಚು ಹತ್ತಿರ. ಮಡಿಕೆ ಬಿಡಿಸಿ ಒಳಗಿನ ಬಿರುಕು ಹುಡುಕಿ. ದಾರದ ಪದರ ಕಣ್ಣಿಗೆ ಬಿದ್ದರೆ ಅದನ್ನು ಅಲ್ಲೇ ಬಿಟ್ಟು ಬನ್ನಿ. ಹೊಸದಾಗಿ ಕೊಳ್ಳುವವರಿಗೆ ಎರಡು ಮಡಿಕೆಯ ಸಣ್ಣ ಬ್ಯಾಗ್ ಒಳ್ಳೆಯ ಆಯ್ಕೆ.

ಒಂದು ಎಚ್ಚರಿಕೆ. ಬ್ಯಾಗನ್ನು ಗಾಡಿಗೆ ಕೂರಿಸುವ ಮುಂಚೆ ನೆಲದ ಮೇಲಿಟ್ಟು ಗಾಳಿ ತುಂಬಿ ನೋಡಬೇಡಿ. ಮೇಲೂ ಕೆಳಗೂ ಹಿಡಿಯುವವರಿಲ್ಲದ ಬ್ಯಾಗ್ ತಟ್ಟನೆ ಹಾರುತ್ತದೆ, ಕೈ ಮುರಿಯುತ್ತದೆ.

ಬ್ರಾಕೆಟ್

ಬ್ಯಾಗ್ ಆಕ್ಸಲ್‌ನ ನೇರ ಮೇಲೆ ಬರಲಿ. ಹಿಂದೆ ಮುಂದೆ ಸರಿದರೆ ಅದು ಲೀಫನ್ನು ಬಗ್ಗಿಸುತ್ತದೆ ಅಥವಾ ಆಕ್ಸಲನ್ನು ತಿರುಚುತ್ತದೆ. ಇನ್ನು ಎರಡು ಬ್ಯಾಗ್‌ಗಳನ್ನು ಸಾಧ್ಯವಾದಷ್ಟು ಚಕ್ರದ ಕಡೆಗೆ ಇಡಿ. ಇವುಗಳ ನಡುವಿನ ಅಂತರ ಅರ್ಧ ಆದರೆ, ತಿರುವಿನಲ್ಲಿ ವಾಲದಂತೆ ತಡೆಯುವ ಬಲ ಕಾಲುಭಾಗಕ್ಕೆ ಇಳಿಯುತ್ತದೆ. ಆಕ್ಸಲ್ ನಡುವಿನ ಗೇರ್ ಗುಂಡಿನ (ಡಿಫರೆನ್ಷಿಯಲ್) ಪಕ್ಕದಲ್ಲೇ ಜಾಗ ಖಾಲಿ ಇದೆ ಎಂದು ಅಲ್ಲಿ ಕೂರಿಸಿದರೆ ಬ್ಯಾಗ್‌ಗಳು ಭಾರ ಎತ್ತುತ್ತವೆ, ಗಾಡಿ ಮಾತ್ರ ದೋಣಿಯ ಹಾಗೆ ತೂಗುತ್ತದೆ.

ಕೆಳಗಿನ ಬ್ರಾಕೆಟ್‌ಗೆ 6 ಮಿಲಿಮೀಟರ್ ಉಕ್ಕಿನ ಪ್ಲೇಟ್ ಬಳಸಿ, ಮೂಲೆಗಳಿಗೆ ತ್ರಿಕೋನದ ತುಂಡು ಕೊಟ್ಟು ಬಲಪಡಿಸಿ. ಇದನ್ನು ಆಕ್ಸಲ್‌ಗೆ ಯು-ಬೋಲ್ಟ್‌ನಿಂದ ಕಟ್ಟಿ, ವೆಲ್ಡ್ ಮಾಡಬೇಡಿ. ಆಕ್ಸಲ್ ಟ್ಯೂಬ್‌ನ ಒಂದೇ ಬದಿಗೆ ಬಿಸಿ ಕೊಟ್ಟರೆ ಅದು ಕೂದಲೆಳೆಯಷ್ಟು ಬಾಗುತ್ತದೆ. ಆಮೇಲೆ ಆಯಿಲ್ ಸೀಲ್, ಬೇರಿಂಗ್ ಒಂದಾದ ಮೇಲೊಂದು ಹೋಗುತ್ತವೆ. ಬ್ರೇಕ್ ಪೈಪ್ ಆಕ್ಸಲ್ ಮೇಲೆ ಹಾದುಹೋಗಿದ್ದರೆ ಬ್ರಾಕೆಟ್‌ನ ಕೆಳಗೆ ಸಿಕ್ಕಿ ಜಜ್ಜಿಹೋಗದಂತೆ ನೋಡಿ.

ಮೇಲಿನ ಬ್ರಾಕೆಟ್ ಚಾಸಿಸ್ ರೈಲ್‌ಗೆ ಹೋಗುತ್ತದೆ. ಇಲ್ಲಿ ಒಂದು ನಿಯಮ ಮೀರಬೇಡಿ: ತೂತು ಕೊರೆಯುವುದು ರೈಲ್‌ನ ನಿಂತ ಬದಿಯಲ್ಲಿ ಮಾತ್ರ, ಮೇಲಿನ ಕೆಳಗಿನ ಅಡ್ಡ ಅಂಚುಗಳಲ್ಲಿ ಅಲ್ಲ. ಚಾಸಿಸ್ ಬಾಗುವಾಗ ಎಳೆತವೆಲ್ಲ ಆ ಅಂಚುಗಳಲ್ಲೇ ಇರುತ್ತದೆ. ಅಲ್ಲಿ ತೂತಾದರೆ ಬಿರುಕು ಅಲ್ಲಿಂದಲೇ ಶುರು. ಭಾರ ಒಂದೇ ಕಡೆ ಬೀಳದಂತೆ ಸುಮಾರು 300 ಮಿಲಿಮೀಟರ್ ಉದ್ದದ ಪ್ಲೇಟನ್ನು ರೈಲ್‌ನ ಬದಿಗೆ ಇಟ್ಟು, ಅದರ ಮೇಲೆ ಬ್ರಾಕೆಟ್ ಕೂರಿಸಿ. ಬೋಲ್ಟ್‌ಗಳು ತಲೆಯ ಮೇಲೆ 8.8 ಅಥವಾ 10.9 ಎಂಬ ಬಲದ ಗುರುತು ಇರುವವು ಆಗಿರಲಿ, ನಟ್‌ಗಳು ನೈಲಾನ್ ಲಾಕ್ ಇರುವವು.

ಬ್ರಾಕೆಟ್‌ಗಳನ್ನು ಗಾಡಿಯಿಂದ ಹೊರಗೆ ಮೇಜಿನ ಮೇಲೆ ವೆಲ್ಡ್ ಮಾಡುವುದೇ ಒಳ್ಳೆಯದು. ಗಾಡಿಯ ಮೇಲೇ ಮಾಡಲೇಬೇಕಾದರೆ ಬ್ಯಾಟರಿ ವೈರ್ ಬಿಚ್ಚಿ, ಡೀಸೆಲ್ ಅಥವಾ ಪೆಟ್ರೋಲ್ ಟ್ಯಾಂಕ್, ಪೈಪ್ ಎಲ್ಲಿವೆ ನೋಡಿ, ಅರ್ತ್ ಕ್ಲಾಂಪನ್ನು ವೆಲ್ಡ್ ಮಾಡುವ ತುಂಡಿಗೇ ಹಾಕಿ. ದೂರ ಹಾಕಿದರೆ ಕರೆಂಟ್ ಬೇರಿಂಗ್ ಮೂಲಕ ಹಾದು ಅದನ್ನು ಸುಡುತ್ತದೆ. ಬ್ಯಾಗ್ ಆ ಹೊತ್ತಿಗೆ ಗಾಡಿಯಲ್ಲಿ ಇರಲೇಬಾರದು. ಒಂದು ಕಿಡಿ ಬಿದ್ದರೆ ಸಾಕು.

ಗಾಡಿ ಸಾಮಾನ್ಯ ಎತ್ತರದಲ್ಲಿ ಇದ್ದಾಗ ಮೇಲಿನ ಪ್ಲೇಟ್, ಕೆಳಗಿನ ಪ್ಲೇಟ್ ಒಂದಕ್ಕೊಂದು ಸಮಾನಾಂತರ ಇರಬೇಕು, ಒಂದರ ಮೇಲೊಂದು ಸರಿಯಾಗಿ ಬರಬೇಕು. ಬ್ಯಾಗ್ ಕೂರುವ ಪ್ಲೇಟ್‌ನ ಅಂಚುಗಳನ್ನು ಅರದಿಂದ ಉಜ್ಜಿ ದುಂಡಗೆ ಮಾಡಿ. ಕೈಬೆರಳು ಸವರಿದಾಗ ಚುಚ್ಚಿದರೆ ಅದು ರಬ್ಬರನ್ನೂ ಕೊಯ್ಯುತ್ತದೆ.

ಮೇಲೆ ಕೆಳಗೆ ತಡೆ

ಬ್ಯಾಗ್ ಯಾವತ್ತೂ ಬಂಪ್ ಸ್ಟಾಪ್ ಆಗಬಾರದು, ಆಕ್ಸಲನ್ನು ನೇತುಹಾಕುವ ಹಗ್ಗವೂ ಆಗಬಾರದು. 75 ಮಿಲಿಮೀಟರ್‌ಗೆ ಒತ್ತುವ ಬ್ಯಾಗ್ ಇದ್ದರೆ, 85 ಮಿಲಿಮೀಟರ್‌ನಲ್ಲೇ ಬಂಪ್ ಸ್ಟಾಪ್ ತಾಗಬೇಕು. ಹಳೆಯ ರಬ್ಬರ್ ಸವೆದಿದ್ದರೆ ಹೊಸದು ಹಾಕಿ. ಹಾಗೆಯೇ 225ಕ್ಕೆ ಹಿಗ್ಗುವ ಬ್ಯಾಗ್ ಇದ್ದರೆ 215ರಲ್ಲೇ ಶಾಕ್ ಅಬ್ಸಾರ್ಬರ್ ಅಥವಾ ನೈಲಾನ್ ಪಟ್ಟಿ ಆಕ್ಸಲನ್ನು ತಡೆಯಬೇಕು. ಚಕ್ರ ತೂಗಾಡುವ ಸ್ಥಿತಿಯಲ್ಲಿ ಬ್ರೇಕ್ ಹೋಸ್ ಬಿಗಿಯಾಗಿಲ್ಲ ಎಂದು ಖಚಿತ ಮಾಡಿಕೊಳ್ಳಿ.

ಈಗ ಬ್ಯಾಗ್ ಕೂರಿಸಿ. ಚಾಸಿಸ್ ಸ್ಟ್ಯಾಂಡ್ ಮೇಲೆ, ಆಕ್ಸಲ್ ಜಾಕ್ ಮೇಲೆ ಇರಲಿ. ಜಾಕ್‌ನಿಂದ ಆಕ್ಸಲನ್ನು ಮೇಲೆ ಕೆಳಗೆ ಮಾಡುತ್ತಾ ಬ್ಯಾಗ್ ಎಲ್ಲೂ ತಾಗದೆ ಮಡಚಿ ಬಿಚ್ಚುವುದನ್ನು ಕಣ್ಣಾರೆ ನೋಡಿ. ಒಂದು ಬದಿ ಮಾತ್ರ ಎತ್ತಿಯೂ ನೋಡಿ. ಬ್ಯಾಗ್‌ನ ಗಾಳಿಯನ್ನು ನಂಬಿ ಯಾವತ್ತೂ ಗಾಡಿ ಕೆಳಗೆ ಮಲಗಬೇಡಿ. ಪೈಪ್ ಒಂದು ಬಿಟ್ಟರೆ ಗಾಡಿ ಒಂದೇ ಕ್ಷಣದಲ್ಲಿ ಕೆಳಗಿಳಿಯುತ್ತದೆ.

ಗಾಳಿಯ ಪೈಪ್

6 ಮಿಲಿಮೀಟರ್ ನೈಲಾನ್ ಪೈಪ್, ಒತ್ತಿದರೆ ಹಿಡಿಯುವ ಪುಶ್ ಫಿಟ್ಟಿಂಗ್ ಸಾಕು. ಲಾರಿಗಳ ಏರ್ ಬ್ರೇಕ್‌ಗೆ ಬಳಸುವ ಗುಣಮಟ್ಟದ ಪೈಪನ್ನೇ ಕೇಳಿ ತನ್ನಿ. ಸೋರಿಕೆ ಬರುವುದು ಹೆಚ್ಚಾಗಿ ಪೈಪ್ ಕತ್ತರಿಸಿದ ರೀತಿಯಿಂದ. ಕತ್ತರಿಯಿಂದ ಕತ್ತರಿಸಿದರೆ ತುದಿ ಚಪ್ಪಟೆಯಾಗುತ್ತದೆ, ಓರೆಯಾಗುತ್ತದೆ. ಹೊಸ ಬ್ಲೇಡ್‌ನಿಂದ ನೇರವಾಗಿ ಕೊಯ್ಯಿರಿ. ತಡೆ ಸಿಗುವವರೆಗೆ ಫಿಟ್ಟಿಂಗ್‌ನೊಳಗೆ ಒತ್ತಿ, ಒಮ್ಮೆ ಎಳೆದು ನೋಡಿ. ತಿರುಪು ಇರುವ ಕಡೆ ಟೆಫ್ಲಾನ್ ಟೇಪ್ ಸುತ್ತುವುದಾದರೆ ಮೊದಲ ಎಳೆ ಬಿಟ್ಟು ಸುತ್ತಿ. ಇಲ್ಲದಿದ್ದರೆ ಚೂರು ಹರಿದು ವಾಲ್ವ್‌ನೊಳಗೆ ಸೇರುತ್ತದೆ.

ಸೋರಿಕೆ ಎಂಬುದು ಈ ತಂತ್ರದ ಹಳೆಯ ಶತ್ರು. 1957ರ ಕ್ಯಾಡಿಲಾಕ್ ಎಲ್ಡೊರಾಡೊ ಬ್ರೋಮ್ ಕಾರು ನಾಲ್ಕೂ ಚಕ್ರಕ್ಕೆ ಏರ್ ಸ್ಪ್ರಿಂಗ್ ಹಾಕಿಕೊಂಡೇ ಬಂದಿತ್ತು. ಗಾಳಿ ಸೋರಿ ಸೋರಿ ಬೇಸತ್ತ ಬಹಳಷ್ಟು ಮಾಲೀಕರು ಕೊನೆಗೆ ಅದನ್ನು ಕಿತ್ತು ಕಾಯಿಲ್ ಸ್ಪ್ರಿಂಗ್ ಹಾಕಿಸಿಕೊಂಡರು.

ಎಡ ಬಲ ಎರಡಕ್ಕೂ ಬೇರೆ ಬೇರೆ ಪೈಪ್ ಹಾಕಿ. ಒಂದೇ ಟೀ (T ಆಕಾರದ ಜಾಯಿಂಟ್) ಹಾಕಿ ಎರಡನ್ನೂ ಕೂಡಿಸುವುದು ಸುಲಭ, ನಾನೂ ಮೊದಲು ಹಾಗೇ ಮಾಡಿದ್ದೆ. ತಿರುವಿಗೆ ಬಂದಾಗ ಹೊರಬದಿಯ ಬ್ಯಾಗ್ ಒತ್ತಿಕೊಂಡು ಅದರ ಗಾಳಿ ಒಳಬದಿಗೆ ಓಡುತ್ತದೆ. ಯಾವ ಬದಿಗೆ ಬಲ ಬೇಕೋ ಅದೇ ಬದಿ ಸೋಲುತ್ತದೆ. ತುಂಬಿದ ಗಾಡಿ ಪಕ್ಕಕ್ಕೆ ವಾಲಿದಾಗ ಆದ ಭಯ ಇನ್ನೂ ನೆನಪಿದೆ. ಅದೇ ಸಂಜೆ ಟೀ ತೆಗೆದುಹಾಕಿದೆ.

ಶುರುವಿನಲ್ಲಿ ಕಂಪ್ರೆಸರ್ ಬೇಡವೇ ಬೇಡ. ಎರಡು ಪೈಪ್‌ಗಳ ತುದಿಗೆ ಟಯರಿನ ಹಾಗೆಯೇ ವಾಲ್ವ್ ಹಾಕಿ, ನಂಬರ್ ಪ್ಲೇಟ್ ಪಕ್ಕ ಕೂರಿಸಿ. ಟಯರ್ ಪಂಪ್‌ನಿಂದ ತುಂಬಿದರಾಯಿತು. ಬ್ಯಾಗ್ ಸಣ್ಣದಾದ್ದರಿಂದ ಗೇಜ್ ಹಚ್ಚಿ ತೆಗೆದರೂ ಕೆಲವು ಪಿಎಸ್‌ಐ ಇಳಿಯುತ್ತದೆ. ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ. ಒಂದೆರಡು ತಿಂಗಳು ಹೀಗೆ ಓಡಿಸಿದರೆ ಯಾವ ಭಾರಕ್ಕೆ ಎಷ್ಟು ಗಾಳಿ ಎಂದು ಕೈಗೆ ತಿಳಿಯುತ್ತದೆ.

ಕಂಪ್ರೆಸರ್ ಬೇಕೇ ಬೇಕು ಎನ್ನುವವರಿಗೆ

ದಿನಕ್ಕೆ ಹಲವು ಸಲ ಭಾರ ಬದಲಾಗುವವರಿಗೆ ಇದು ಸೌಕರ್ಯ. 12 ವೋಲ್ಟ್ ಕಂಪ್ರೆಸರ್ ಓಡುವಾಗ 15ರಿಂದ 30 ಆಂಪಿಯರ್ ಎಳೆಯುತ್ತದೆ. ಹಾಗಾಗಿ ಡ್ಯಾಶ್‌ಬೋರ್ಡ್ ಸ್ವಿಚ್‌ನಿಂದ ನೇರ ಕೊಡಬೇಡಿ. 40 ಆಂಪಿಯರ್ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಆನ್ ಮಾಡುವ ಸ್ವಿಚ್), 6 ಚದರ ಮಿಲಿಮೀಟರ್ ವೈರ್, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಹಾಕಿ. ರಿಲೇಯ ಸಿಗ್ನಲ್ ಇಗ್ನಿಷನ್ ಆನ್ ಆದಾಗ ಮಾತ್ರ ಬರಲಿ. ಇಲ್ಲದಿದ್ದರೆ ರಾತ್ರಿ ಸಣ್ಣ ಸೋರಿಕೆಗೂ ಕಂಪ್ರೆಸರ್ ಓಡಿ ಬೆಳಿಗ್ಗೆ ಬ್ಯಾಟರಿ ಸತ್ತಿರುತ್ತದೆ.

ಕಂಪ್ರೆಸರ್‌ನಿಂದ ಹೊರಡುವ ಗಾಳಿ ಸುಡುವಷ್ಟು ಬಿಸಿ. ಮೊದಲ ಎರಡಡಿಗೆ ಉಕ್ಕಿನ ಹೆಣಿಗೆ ಇರುವ ಹೋಸ್ ಬೇಕು, ನೈಲಾನ್ ಅಲ್ಲಿ ಕರಗುತ್ತದೆ. ಆಮೇಲೆ ಗಾಳಿ ಹಿಂದಕ್ಕೆ ಬರದಂತೆ ತಡೆಯುವ ಚೆಕ್ ವಾಲ್ವ್, ಟ್ಯಾಂಕ್, ಪ್ರೆಷರ್ ಸ್ವಿಚ್, ಸೇಫ್ಟಿ ವಾಲ್ವ್. ಟ್ಯಾಂಕನ್ನು ಗಾಳಿಗೆಂದೇ ಮಾಡಿದ್ದನ್ನು ಕೊಳ್ಳಿ. ಹಳೆಯ ಸಿಲಿಂಡರ್‌ಗೆ ನಿಪ್ಪಲ್ ವೆಲ್ಡ್ ಮಾಡಿ ಟ್ಯಾಂಕ್ ಮಾಡುವ ಕೆಲಸಕ್ಕೆ ಹೋಗಬೇಡಿ, ಅದು ಒಡೆದರೆ ಬಾಂಬ್. ಟ್ಯಾಂಕ್‌ನಲ್ಲಿ 145 ಪಿಎಸ್‌ಐ ಇರಬಹುದು, ಬ್ಯಾಗ್‌ನ ಮಿತಿ ಸಾಮಾನ್ಯವಾಗಿ 100. ಗೇಜ್ ನೋಡುತ್ತಲೇ ವಾಲ್ವ್ ಒತ್ತಿ, ಅಥವಾ ನಡುವೆ ರೆಗ್ಯುಲೇಟರ್ ಹಾಕಿ.

ಬ್ರೇಕ್: ಎಲ್ಲರೂ ಮರೆಯುವ ಜಾಗ

ಬಹಳಷ್ಟು ಹಳೆಯ ಪಿಕಪ್‌ಗಳಲ್ಲಿ ಚಾಸಿಸ್ ಮೇಲೆ ಒಂದು ವಾಲ್ವ್, ಅದರಿಂದ ಆಕ್ಸಲ್‌ಗೆ ಒಂದು ಸಣ್ಣ ರಾಡ್ ಇರುತ್ತದೆ. ಗಾಡಿಯ ಹಿಂಭಾಗ ಎಷ್ಟು ಕೂತಿದೆ ಎಂಬುದರಿಂದ ಅದು ಭಾರ ಅಳೆಯುತ್ತದೆ. ಕೂತಷ್ಟೂ ಹಿಂದಿನ ಚಕ್ರಗಳಿಗೆ ಬ್ರೇಕ್ ಜಾಸ್ತಿ ಕೊಡುತ್ತದೆ. ಖಾಲಿ ಇದ್ದರೆ ಕಡಿಮೆ ಮಾಡುತ್ತದೆ, ಚಕ್ರ ಲಾಕ್ ಆಗಿ ಜಾರದಿರಲಿ ಎಂದು.

ಈಗ ನೀವು ಭಾರ ಹಾಕಿ, ಬ್ಯಾಗ್‌ನಿಂದ ಗಾಡಿಯನ್ನು ಖಾಲಿ ಎತ್ತರಕ್ಕೇ ಎತ್ತಿದರೆ ಏನಾಗುತ್ತದೆ? ವಾಲ್ವ್ ಗಾಡಿ ಖಾಲಿ ಎಂದೇ ತಿಳಿಯುತ್ತದೆ. ಹಿಂದಿನ ಬ್ರೇಕ್ ದುರ್ಬಲ, ಗಾಡಿ ನಿಲ್ಲಲು ಹೆಚ್ಚು ದೂರ ಬೇಕು, ಮುಂದಿನ ಬ್ರೇಕ್ ಇಳಿಜಾರಿನಲ್ಲಿ ಬಿಸಿಯಾಗುತ್ತದೆ. ಇದು ತಮಾಷೆಯ ವಿಷಯ ಅಲ್ಲ. ನಾನು ಪಾಲಿಸುವ ರೂಢಿ ಇದು: ಭಾರ ಹಾಕಿದಾಗ ಗಾಡಿ ಖಾಲಿ ಎತ್ತರಕ್ಕಿಂತ ಸ್ವಲ್ಪ ಕೆಳಗೇ, ಒಂದೂವರೆ ಇಂಚಿನಷ್ಟು ಕೂತಿರುವಂತೆ ಗಾಳಿ ತುಂಬುವುದು. ರಾಡ್‌ನ ಅಳತೆ ಬದಲಿಸಬೇಕೆಂದರೆ ಬ್ರೇಕ್ ಒತ್ತಡ ಅಳೆಯಲು ಗೇಜ್ ಇರುವ ಮೆಕ್ಯಾನಿಕ್ ಹತ್ತಿರ ಮಾಡಿಸಿ. ರಾಡನ್ನು ತಂತಿಯಿಂದ ಮೇಲಕ್ಕೆ ಕಟ್ಟಿಬಿಡುವ ಉಪಾಯ ಬೇಡ. ಖಾಲಿ ಗಾಡಿ ಮಳೆಯಲ್ಲಿ ಗಿರಕಿ ಹೊಡೆಯುತ್ತದೆ.

ಪರೀಕ್ಷೆ

70 ಪಿಎಸ್‌ಐ ತುಂಬಿ ಪ್ರತಿ ಜಾಯಿಂಟ್‌ಗೂ ಸೋಪಿನ ನೀರು ಹಚ್ಚಿ. ಗುಳ್ಳೆ ಬಂದಲ್ಲಿ ಬಿಚ್ಚಿ ಮತ್ತೆ ಕತ್ತರಿಸಿ ಕೂರಿಸಿ. ಮರುದಿನ ಅದೇ ಹೊತ್ತಿಗೆ ಗೇಜ್ ನೋಡಿ. ಹವೆ 10 ಡಿಗ್ರಿ ತಣ್ಣಗಾಗಿದ್ದರೆ ಸುಮಾರು 3 ಪಿಎಸ್‌ಐ ತಾನಾಗೇ ಇಳಿದಿರುತ್ತದೆ, ಅದು ಸೋರಿಕೆ ಅಲ್ಲ.

ಮೊದಲ ಓಟ ಖಾಲಿ ಗಾಡಿಯಲ್ಲಿ, ಬ್ಯಾಗ್‌ನಲ್ಲಿ 5ರಿಂದ 10 ಪಿಎಸ್‌ಐ ಇಟ್ಟು. ಗಾಳಿಯೇ ಇಲ್ಲದೆ ಓಡಿಸಬೇಡಿ, ರಬ್ಬರ್ ಪ್ಲೇಟ್‌ಗಳ ನಡುವೆ ಸಿಕ್ಕಿ ಹರಿಯುತ್ತದೆ. ನಂತರ ಅರ್ಧ ಭಾರ, ಆಮೇಲೆ ಪೂರ್ತಿ. ಪ್ರತಿ ಸಲವೂ ಖಾಲಿ ರಸ್ತೆಯಲ್ಲಿ ಬ್ರೇಕ್ ನೋಡಿ, ಇಳಿದು ಬ್ಯಾಗ್‌ನ ಮೇಲೆ ಉಜ್ಜಿದ ಗುರುತು ಹುಡುಕಿ. ಹಿಂದಿನ ಆಕ್ಸಲ್‌ಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್‌ನಲ್ಲಿ ಹೊಸದಾಗಿ ನಡುಕ ಬಂದರೆ ಗಾಡಿಯನ್ನು ಜಾಸ್ತಿ ಎತ್ತಿದ್ದೀರಿ ಎಂದರ್ಥ. ಆ ಶಾಫ್ಟ್ ಬಾಗುವ ಕೀಲಿನ (ಯು-ಜಾಯಿಂಟ್) ಕೋನ ಕೆಟ್ಟಿರುತ್ತದೆ, ಸ್ವಲ್ಪ ಗಾಳಿ ಬಿಡಿ. 100 ಕಿಲೋಮೀಟರ್ ಆದ ಮೇಲೆ ಎಲ್ಲ ಬೋಲ್ಟ್ ಮತ್ತೆ ಬಿಗಿ ಮಾಡಿ. 500ಕ್ಕೆ ಮತ್ತೊಮ್ಮೆ. ಯು-ಬೋಲ್ಟ್ ಖಂಡಿತ ಸ್ವಲ್ಪ ಸಡಿಲ ಆಗಿರುತ್ತದೆ.

ಟ್ಯಾಂಕ್ ಇದ್ದರೆ ವಾರಕ್ಕೊಮ್ಮೆ ಅದರ ತಳದ ಕಾಕ್ ತೆರೆದು ನೀರು ಬಿಡಿ. ಬ್ಯಾಗ್‌ನ ಮಡಿಕೆಯಲ್ಲಿ ಕೂತ ಮರಳನ್ನು ಗಾಡಿ ತೊಳೆಯುವಾಗ ನೀರು ಹಾಯಿಸಿ ತೆಗೆಯಿರಿ. ಪೆಟ್ರೋಲ್, ಡೀಸೆಲ್ ಹಚ್ಚಿ ಒರೆಸಬೇಡಿ.

ಗಾಡಿಯಲ್ಲಿ ಒಂದು ಮೀಟರ್ ಪೈಪ್, ಎರಡು ಜೋಡಿಸುವ ಫಿಟ್ಟಿಂಗ್, ಒಂದು ಬ್ಲೇಡ್ ಸದಾ ಇರಲಿ. ದಾರಿಯಲ್ಲಿ ಪೈಪ್ ಹರಿದರೆ ಹತ್ತು ನಿಮಿಷದ ಕೆಲಸ. ಬ್ಯಾಗೇ ಒಡೆದರೆ ಇನ್ನೊಂದು ಬದಿಯ ಗಾಳಿಯನ್ನೂ ಬಿಟ್ಟುಬಿಡಿ, ಗಾಡಿ ವಾಲದೆ ನೇರ ಕೂರುತ್ತದೆ. ಸಾಧ್ಯವಾದಷ್ಟು ಭಾರ ಇಳಿಸಿ. ಆಮೇಲೆ ನಿಧಾನಕ್ಕೆ, ಹೊಂಡ ತಪ್ಪಿಸಿಕೊಂಡು, ಹಳೆಯ ಲೀಫ್ ಮೇಲೆಯೇ ಮನೆ ಸೇರಬಹುದು.